ಅಂಕಿ ಸರಿ, ಖಾನೆ ತಪ್ಪು: ಮೂರು ಷೇರು ಆರ್ಡರ್‌ಗಳ ಕುರಿತು ಒಂದು ಟಿಪ್ಪಣಿ

ಷೇರುಪೇಟೆಯ ದುಬಾರಿ ಆರ್ಡರ್ ತಪ್ಪುಗಳ ಮಾತು ಬಂದಾಗ, ಎಲ್ಲೋ ಬೆರಳು ಜಾರಿ ಒಂದು ಸೊನ್ನೆ ಹೆಚ್ಚು ಬಿದ್ದಿರಬೇಕು ಎಂದೇ ನಾವು ಊಹಿಸುತ್ತೇವೆ. ಚೆನ್ನಾಗಿ ದಾಖಲಾಗಿರುವ ಮೂರು ಪ್ರಕರಣಗಳನ್ನು ಒಟ್ಟಿಗಿಟ್ಟು ನೋಡಿದಾಗ ಈ ಊಹೆ ನಿಲ್ಲುವುದಿಲ್ಲ. ಮೂರರಲ್ಲೂ ಡೀಲರ್ ಒತ್ತಿದ ಅಂಕಿ ಸರಿಯಾಗಿಯೇ ಇತ್ತು, ಆದರೆ ಅದು ಬೇರೆ ಖಾನೆಗೆ ಹೋಗಿ ಬಿದ್ದಿತ್ತು. ಹಾಗಿದ್ದ ಮೇಲೆ, ಅಂಕಿಯನ್ನೇ ಇನ್ನೊಮ್ಮೆ ಓದಿಕೊಂಡರೆ ತಪ್ಪು ಸಿಗುವುದಿಲ್ಲ.

ಮೊದಲನೆಯದು ಟೋಕಿಯೊದ್ದು. 2005ರ ಡಿಸೆಂಬರ್ 8ರಂದು ಜೆ-ಕಾಮ್ ಕಂಪನಿಯ ಷೇರು ಮೊದಲ ಸಲ ಪೇಟೆಗೆ ಬಂತು. 1 ಷೇರನ್ನು 6,10,000 ಯೆನ್‌ಗೆ ಮಾರಬೇಕಿದ್ದ ಮಿಜುಹೊ ಸೆಕ್ಯುರಿಟೀಸ್‌ನಿಂದ, 6,10,000 ಷೇರುಗಳನ್ನು ತಲಾ 1 ಯೆನ್‌ಗೆ ಮಾರುವ ಆರ್ಡರ್ ಹೋಯಿತು. ಕಂಪನಿ ಹೊರಡಿಸಿದ್ದ ಒಟ್ಟು ಷೇರುಗಳೇ ಸುಮಾರು 14,500. ಅಂದರೆ ಇದ್ದದ್ದರ ನಲವತ್ತೆರಡು ಪಟ್ಟು ಮಾರಾಟಕ್ಕೆ ಬಂದಿತ್ತು. ಪರದೆಯ ಮೇಲೆ ಎಚ್ಚರಿಕೆ ಮೂಡಿದರೂ ಅದನ್ನು ದಾಟಿ ಮುಂದೆ ಹೋದರು. ರದ್ದುಮಾಡುವ ಪ್ರಯತ್ನಗಳು ವಿನಿಮಯ ಕೇಂದ್ರದ ತಂತ್ರಾಂಶದಲ್ಲಿದ್ದ ದೋಷದಿಂದ ವಿಫಲವಾದವು. ನಷ್ಟ ಸುಮಾರು 40 ಶತಕೋಟಿ ಯೆನ್. ನಾಲ್ಕು ವರ್ಷಗಳ ಬಳಿಕ ನ್ಯಾಯಾಲಯ ಅದರಲ್ಲಿ ಸುಮಾರು 10.7 ಶತಕೋಟಿಯನ್ನು ವಿನಿಮಯ ಕೇಂದ್ರವೇ ಕೊಡಬೇಕೆಂದು ತೀರ್ಪಿತ್ತಿತು.

ಎರಡನೆಯದು ಮುಂಬೈಯದು. 2012ರ ಅಕ್ಟೋಬರ್ 5ರ ಬೆಳಗ್ಗೆ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿ (ಎನ್‌ಎಸ್‌ಇ) ನಿಫ್ಟಿ ಸೂಚ್ಯಂಕ ಕ್ಷಣಗಳಲ್ಲಿ ಶೇ 15ಕ್ಕೂ ಹೆಚ್ಚು ಕುಸಿದು, ವಹಿವಾಟು ಸುಮಾರು ಕಾಲು ಗಂಟೆ ನಿಂತಿತು. ಎಂಕೇ ಗ್ಲೋಬಲ್ ಎಂಬ ಬ್ರೋಕರ್ ಸಂಸ್ಥೆಯಿಂದ ಬಂದ 59 ಆರ್ಡರ್‌ಗಳು ಇದಕ್ಕೆ ಕಾರಣ. 17 ಲಕ್ಷ ರೂಪಾಯಿ ಮೌಲ್ಯದ ನಿಫ್ಟಿ ಷೇರುಗಳ ಗುಚ್ಛವನ್ನು ಮಾರಬೇಕಿದ್ದಲ್ಲಿ, ಆ 17 ಲಕ್ಷ ಪ್ರಮಾಣದ ಖಾನೆಗೆ ಸೇರಿತ್ತು. 650 ಕೋಟಿ ರೂಪಾಯಿಗೂ ಮೀರಿದ ವಹಿವಾಟು ನಡೆದುಹೋಯಿತು.

ಹತ್ತು ವರ್ಷಗಳ ನಂತರ, 2022ರ ಮೇ 2ರಂದು, ಲಂಡನ್ನಿನ ಸಿಟಿಗ್ರೂಪ್ ಕಚೇರಿಯಲ್ಲಿ ಅದೇ ತಪ್ಪು ಮರುಕಳಿಸಿತು. 5.8 ಕೋಟಿ ಡಾಲರ್ ಎಂಬ ಮೌಲ್ಯವು ಪ್ರಮಾಣದ ಖಾನೆಗೆ ಬಿದ್ದು, 444 ಶತಕೋಟಿ ಡಾಲರಿನ ಗುಚ್ಛ ಸಿದ್ಧವಾಯಿತು. ಡೀಲರ್ ದಾಟಲಾಗದ ಗಟ್ಟಿ ಮಿತಿಗಳು 255 ಶತಕೋಟಿಯಷ್ಟನ್ನು ತಡೆದವು. ಉಳಿದದ್ದು ವಹಿವಾಟಿನ ತಂತ್ರಾಂಶದ ಒಳಹೊಕ್ಕಿತು, ರದ್ದಾಗುವಷ್ಟರಲ್ಲಿ 1.4 ಶತಕೋಟಿ ಡಾಲರಿನ ಷೇರುಗಳು ಯುರೋಪಿನ ಪೇಟೆಗಳಲ್ಲಿ ಮಾರಾಟವಾಗಿದ್ದವು. ಈ ಪ್ರಕರಣದ ಒಂದು ವಿವರ ನನಗೆ ಅತ್ಯಂತ ಮುಖ್ಯವೆನಿಸುತ್ತದೆ. ಡೀಲರ್‌ನ ಮುಂದೆ ತೆರೆದ ಕಿಟಕಿಯಲ್ಲಿ 711 ಎಚ್ಚರಿಕೆಗಳಿದ್ದವು, ಕಣ್ಣಿಗೆ ಬೀಳುತ್ತಿದ್ದದ್ದು ಮೊದಲ 18 ಸಾಲು ಮಾತ್ರ, ಮತ್ತು ಉಳಿದವನ್ನು ನೋಡದೆಯೇ ಎಲ್ಲವನ್ನೂ ತಳ್ಳಿಹಾಕಿ ಮುಂದುವರಿಯಬಹುದಿತ್ತು. ಒಂದೇ ಒತ್ತಿಗೆ ಮಾಯವಾಗುವ ಎಚ್ಚರಿಕೆಯನ್ನು ನಾನು ತಡೆ ಎಂದು ಎಣಿಸಲಾರೆ.

ಈಗ ವಿಶ್ಲೇಷಣೆಗೆ ಬರೋಣ. ಮುಂಬೈ ಮತ್ತು ಲಂಡನ್ ತಪ್ಪುಗಳನ್ನು ಒಟ್ಟು ಮೊತ್ತವೇ ಬಯಲು ಮಾಡುತ್ತದೆ. ಮುಂಬೈ ಘಟನೆಯ ಬಳಿಕ, 2012ರ ಡಿಸೆಂಬರಿನಲ್ಲಿ, ಷೇರುಪೇಟೆ ನಿಯಂತ್ರಕ ಸೆಬಿ ಸಾಮಾನ್ಯ ಮಾರುಕಟ್ಟೆಯ ಒಂದು ಆರ್ಡರ್‌ಗೆ 10 ಕೋಟಿ ರೂಪಾಯಿಯ ಮಿತಿ ಹಾಕಿದ್ದು ಈ ದೃಷ್ಟಿಯಿಂದ ಸರಿಯಾದ ಕ್ರಮ. ಆದರೆ ಟೋಕಿಯೊ ತಪ್ಪಿಗೆ ಈ ಮದ್ದು ನಾಟುವುದಿಲ್ಲ. ಒಂದನ್ನು ಆರು ಲಕ್ಷದ ಹತ್ತು ಸಾವಿರದಿಂದ ಗುಣಿಸಿದರೂ, ಹಿಂದುಮುಂದಾಗಿ ಗುಣಿಸಿದರೂ ಮೊತ್ತ ಅದೇ! ಅಲ್ಲಿ ತಪ್ಪನ್ನು ತೋರಿಸಬಲ್ಲದ್ದು ಪೇಟೆಯ ದರಕ್ಕೂ ಆರ್ಡರಿನ ದರಕ್ಕೂ ಇರುವ ಅಂತರ. ಹೀಗೆ ಎರಡು ಜಾತಿಯ ತಪ್ಪಿಗೆ ಎರಡು ಬೇರೆ ಪರೀಕ್ಷೆ ಬೇಕು, ಒಂದು ಇನ್ನೊಂದರ ಕೆಲಸ ಮಾಡದು.

ಮೊಬೈಲ್‌ನಲ್ಲಿ ವ್ಯವಹರಿಸುವ ಸಣ್ಣ ಹೂಡಿಕೆದಾರರಿಗೂ ಇದೇ ಲೆಕ್ಕ. 112 ರೂಪಾಯಿಯಂತೆ 120 ಷೇರು ಕೊಳ್ಳಬೇಕಾದವರು ಖಾನೆ ಅದಲುಬದಲು ಮಾಡಿ 120 ರೂಪಾಯಿಯಂತೆ 112 ಷೇರು ಎಂದು ಒತ್ತಿದರೆ, ಮೊತ್ತ ಎರಡೂ ಸಲ 13,440 ರೂಪಾಯಿ. ವ್ಯವಹಾರ ಚೆನ್ನಾಗಿರುವ ಷೇರಿನಲ್ಲಿ ಇದರಿಂದ ದೊಡ್ಡ ಹಾನಿಯಿಲ್ಲ, ಲಭ್ಯವಿರುವ ಉತ್ತಮ ದರವೇ ಸಿಗುತ್ತದೆ. ಮಾರುವವರು ವಿರಳವಾಗಿರುವ ಷೇರಿನಲ್ಲಿ ಮಾತ್ರ 120 ಕೊಟ್ಟೇ ಬರಬೇಕಾದೀತು. ಆದ್ದರಿಂದ ಕೊನೆಯ ಗುಂಡಿ ಒತ್ತುವ ಮುನ್ನ ನೋಡಬೇಕಾದದ್ದು ಎರಡು: ಒಟ್ಟು ಮೊತ್ತ, ಮತ್ತು ಈಗಷ್ಟೇ ನಡೆದ ವ್ಯವಹಾರದ ದರ.

ದರ ನಮೂದಿಸದೆ, ಸಿಕ್ಕ ದರಕ್ಕೆ ಮಾರ್ಕೆಟ್ ಆರ್ಡರ್ ಹಾಕುವವರು ಈ ಎರಡನೆಯ ಪರೀಕ್ಷೆಯನ್ನು ತಾವಾಗಿಯೇ ಕೈಬಿಡುತ್ತಾರೆ, ಏಕೆಂದರೆ ಅಲ್ಲಿ ಹೋಲಿಸಲು ದರವೇ ಇಲ್ಲ. 2021ರ ಆಗಸ್ಟ್ 20ರಂದು ನಿಫ್ಟಿಯ 16,450ರ ಕಾಲ್ ಆಪ್ಷನ್ (ನಿಗದಿತ ದರಕ್ಕೆ ಕೊಳ್ಳುವ ಹಕ್ಕಿನ ಕರಾರು) ಹಲವು ಪಟ್ಟು ನೆಗೆದು 803.05 ರೂಪಾಯಿ ಮುಟ್ಟಿ ಮರಳಿತು. ಇಂಥ ನೆಗೆತದಲ್ಲಿ ಮೊದಲೇ ಗೊತ್ತುಮಾಡಿದ ಟ್ರಿಗರ್ ದರ ತಟ್ಟಿದ ಕೂಡಲೇ, ನಷ್ಟಕ್ಕೆ ತಡೆಯಾಗಿ ಹಾಕಿದ ಸ್ಟಾಪ್‌ಲಾಸ್ ಮಾರ್ಕೆಟ್ ಆರ್ಡರ್ ಸಿಕ್ಕಿದ ದರಕ್ಕೆ ಪೂರೈಕೆಯಾಗಿಬಿಡುತ್ತದೆ. ಅದೇ ವರ್ಷದ ಸೆಪ್ಟೆಂಬರ್ 27ರಿಂದ ಎನ್‌ಎಸ್‌ಇ ಆಪ್ಷನ್‌ಗಳಲ್ಲಿ ಆ ಬಗೆಯ ಆರ್ಡರನ್ನೇ ನಿಲ್ಲಿಸಿತು. ಈಗ ಟ್ರಿಗರ್ ಜೊತೆಗೆ ಲಿಮಿಟ್ ದರವನ್ನೂ ಕೊಡಬೇಕು. ಎರಡರ ನಡುವೆ ತೀರಾ ಕಡಿಮೆ ಅಂತರವಿಟ್ಟರೆ ವೇಗದ ಕುಸಿತದಲ್ಲಿ ಆರ್ಡರ್ ಪೂರೈಕೆಯಾಗದೆ ಉಳಿಯಬಹುದು. ಈ ಅಪಾಯವನ್ನು ತಿಳಿದೇ ಒಪ್ಪಿಕೊಳ್ಳಬೇಕು.

ಮೊತ್ತ, ದರ ಎರಡಕ್ಕೂ ಸಿಗದ ಇನ್ನೊಂದು ತಪ್ಪಿದೆ: ಡೆಲಿವರಿ (ಷೇರನ್ನು ನಿಜವಾಗಿ ಪಡೆಯುವ ಅಥವಾ ಒಪ್ಪಿಸುವ ವ್ಯವಹಾರ) ಬದಲು ಇಂಟ್ರಾಡೇ (ಅದೇ ದಿನ ಮುಗಿಸಬೇಕಾದ ವ್ಯವಹಾರ) ಆಯ್ಕೆಯಾಗುವುದು. ಕೈಯಲ್ಲಿಲ್ಲದ ಷೇರನ್ನು ಇಂಟ್ರಾಡೇಯಲ್ಲಿ ಮಾರಿ, ಅದು ಅಪ್ಪರ್ ಸರ್ಕ್ಯೂಟ್ (ಆ ದಿನಕ್ಕೆ ಅನುಮತಿಸಿದ ಗರಿಷ್ಠ ದರ) ಮುಟ್ಟಿದರೆ, ಮರಳಿ ಕೊಳ್ಳಲು ಮಾರುವವರೇ ಸಿಗುವುದಿಲ್ಲ. ಆಗ ಷೇರು ಒಪ್ಪಿಸಲಾಗದೆ ಪ್ರಕರಣ ಹರಾಜಿಗೆ ಹೋಗುತ್ತದೆ, ಅಲ್ಲಿನ ದರ ಮಾರಿದವರ ಹಿಡಿತದಲ್ಲಿರುವುದಿಲ್ಲ.