ಹವಾಯಿಯ ಆತಿಥ್ಯ: ಕರೆದವರು, ಮನೆಯವರು

ಹವಾಯಿಯನ್ ಗಿಟಾರಿನ ಜಾರುನಾದ ನಮ್ಮ ರೇಡಿಯೊ ಕೇಳುಗರಿಗೆ ಹೊಸದಲ್ಲ; ಹಳೆಯ ಹಿಂದೀ ಚಿತ್ರಗೀತೆಗಳಲ್ಲಿ ಅದನ್ನು ಹೇರಳವಾಗಿ ಕೇಳಿದ್ದೇವೆ. ಆದರೆ ಶಾಂತಸಾಗರದ ಆ ದ್ವೀಪಗಳ ಹೆಸರನ್ನು ಲೋಕಕ್ಕೆ ಮುಟ್ಟಿಸಿದ್ದು ಸಂಗೀತವೊಂದೇ ಅಲ್ಲ. ಅತಿಥಿಗಳನ್ನು ಕರೆಯುವುದನ್ನೇ ಕಸುಬಾಗಿಸಿಕೊಂಡ ವರ್ತಕರ ಸಮಿತಿಯೊಂದು ಅದರ ಹಿಂದೆ ಇತ್ತು. ಹೀಗೆ ಕರೆದವರು ಆ ಮನೆಯ ಒಡೆಯರೇ ಆಗಿದ್ದರೇ ಎಂಬುದು ಇಲ್ಲಿಯ ಪ್ರಶ್ನೆ.

1892ರಲ್ಲಿ ಲೊರಿನ್ ಥರ್ಸ್ಟನ್ ಎಂಬ ವಕೀಲ ಹೊನೊಲುಲುವಿನಲ್ಲಿ ಪ್ರವಾಸಿಗಳಿಗಾಗಿ ಮಾಹಿತಿ ಕಚೇರಿಯೊಂದನ್ನು ಸ್ಥಾಪಿಸಿದ. ಕಿಲಾವೆಯಾ ಜ್ವಾಲಾಮುಖಿಯ ಅಂಚಿನಲ್ಲಿದ್ದ ವಸತಿಗೃಹದ ವ್ಯವಹಾರವೂ ಅವನದಾಗಿತ್ತು. ಆಗಿನ್ನೂ ಹವಾಯಿ ಸ್ವತಂತ್ರ ರಾಜ್ಯ. ಲಿಲಿಉಒಕಲಾನಿ ಅದರ ರಾಣಿ. ಮರುವರ್ಷದ ಜನವರಿಯಲ್ಲಿ ಅಮೆರಿಕದ ನೌಕಾಸೈನಿಕರು ದಡಕ್ಕಿಳಿದು ನಿಂತಿರಲು, ಥರ್ಸ್ಟನ್ನನೇ ಮುಂದಾಳಾಗಿದ್ದ ಗುಂಪು ರಾಣಿಯನ್ನು ಪದಚ್ಯುತಗೊಳಿಸಿತು. ಅದೇ 1893ರಲ್ಲಿ, ವಿವೇಕಾನಂದರು ಮಾತನಾಡಿದ ಷಿಕಾಗೋ ನಗರದ ವಿಶ್ವಮೇಳದಲ್ಲಿ, ಆತ ಕಿಲಾವೆಯಾದ ಭಾರಿ ಚಿತ್ರಪಟವನ್ನು ಪ್ರದರ್ಶನಕ್ಕಿಟ್ಟ. 1898ರಲ್ಲಿ ದ್ವೀಪಗಳು ಅಮೆರಿಕದ ಪಾಲಾದವು.

1903ರಲ್ಲಿ ಹೊನೊಲುಲುವಿನ ವಾಣಿಜ್ಯ ಮಂಡಳಿಯೂ ವರ್ತಕರ ಸಂಘವೂ ಕೂಡಿ ಹವಾಯಿ ಪ್ರಚಾರ ಸಮಿತಿಯನ್ನು ಕಟ್ಟಿದವು. ಶಾಸನಸಭೆ 15,000 ಡಾಲರುಗಳನ್ನು ಕೊಟ್ಟಿತು. ಕಬ್ಬಿನ ಆದಾಯವನ್ನೇ ನೆಚ್ಚಿದ್ದ ದ್ವೀಪಗಳಿಗೆ ಇನ್ನೊಂದು ಆಸರೆ ಬೇಕಾಗಿದ್ದುದೂ ನಿಜ. ಸಮಿತಿಯ ಹೆಸರು ಹಲವು ಬಾರಿ ಬದಲಾಯಿತು, ಕೆಲಸ ಬದಲಾಗಲಿಲ್ಲ.

ನೆಲ ಮಾತ್ರ ಬದಲಾಯಿತು. ಇಂದು ಹೋಟೆಲುಗಳ ಸಾಲಾಗಿರುವ ವೈಕಿಕಿ ಅಂದು ಕೆಸುವಿನ ಗದ್ದೆಗಳ, ಮೀನುಕೊಳಗಳ ಜೌಗುಪ್ರದೇಶ. ನಮ್ಮ ಮಲೆನಾಡಿನವರು ಬಲ್ಲ ಕೆಸುವೇ ಹವಾಯಿಗರ ಮುಖ್ಯ ಆಹಾರ. ಅದನ್ನು ತಮ್ಮ ಕುಲದ ಹಿರಿಯಣ್ಣನೆಂದೇ ಅವರ ಪುರಾಣ ಹೇಳುತ್ತದೆ. 1921ರಿಂದ 1928ರವರೆಗೆ ಅಲಾ ವೈ ಕಾಲುವೆಯನ್ನು ತೋಡಿ ಆ ನೀರನ್ನೆಲ್ಲ ಬಸಿದರು. ಹಿರಿಯಣ್ಣನ ಗದ್ದೆಗಳು ಹೋದವು.

ಅಲ್ಲಿಯ ಮೊವಾನಾ ಹೋಟೆಲಿನ ಅಂಗಳದಲ್ಲಿ 1904ರಲ್ಲಿ ನೆಟ್ಟ ಆಲದ ಮರವೊಂದಿದೆ; ಭಾರತ ಮೂಲದ ಆಲವೇ ಅದು. 1935ರಿಂದ ಅದರ ನೆರಳಿನಿಂದ ‘ಹವಾಯಿ ಕಾಲ್ಸ್’ ಎಂಬ ರೇಡಿಯೊ ಕಾರ್ಯಕ್ರಮ ಹಾಡುಗಳೊಡನೆ ಅಲೆಗಳ ಸದ್ದನ್ನೂ ದೂರದೇಶಗಳಿಗೆ ಕೇಳಿಸಿತು. ನಲವತ್ತು ವರ್ಷ, 1975ರವರೆಗೆ, ಅದು ನಡೆಯಿತು. ಪ್ರವಾಸಿಗಳ ಹಡಗು ಬಂದರು ಬಿಡುವಾಗ ವಾದ್ಯವೃಂದ ನುಡಿಸುತ್ತಿದ್ದುದು ‘ಅಲೋಹಾ ಓಎ’. ಅದನ್ನು ರಚಿಸಿದವಳು ಸಿಂಹಾಸನ ಕಳೆದುಕೊಂಡ ಅದೇ ರಾಣಿ. ರಾಜ್ಯವನ್ನು ಕಿತ್ತುಕೊಂಡರೂ ಅವಳ ಹಾಡು ವ್ಯಾಪಾರಕ್ಕೆ ಬೇಕಾಯಿತು.

1959ರಲ್ಲಿ ಹವಾಯಿ ಅಮೆರಿಕದ ಐವತ್ತನೆಯ ರಾಜ್ಯವಾಯಿತು; ಜೆಟ್ ವಿಮಾನಗಳೂ ಬಂದವು. ಆ ವರ್ಷ ಸುಮಾರು ಎರಡೂವರೆ ಲಕ್ಷವಿದ್ದ ಪ್ರವಾಸಿಗಳ ಸಂಖ್ಯೆ 2019ರಲ್ಲಿ ಒಂದು ಕೋಟಿಯನ್ನು ದಾಟಿತು. ಈ ನಡುವೆ 1993ರಲ್ಲಿ ಅಮೆರಿಕದ ಕಾಂಗ್ರೆಸ್ಸು ರಾಣಿಯ ಪದಚ್ಯುತಿಗಾಗಿ ಹವಾಯಿಗರ ಕ್ಷಮೆ ಕೋರಿತು, ರಾಜ್ಯವನ್ನು ಹಿಂದಿರುಗಿಸಲಿಲ್ಲ.

2023ರ ಆಗಸ್ಟಿನಲ್ಲಿ ಮಾವಿ ದ್ವೀಪದ ಲಹೈನಾ ಪಟ್ಟಣ ಸುಟ್ಟುಹೋಯಿತು. ಸುಮಾರು ನೂರು ಮಂದಿ ಮಡಿದರು. ಅಕ್ಟೋಬರಿನಲ್ಲಿ ಪ್ರವಾಸಿಗಳನ್ನು ಮತ್ತೆ ಕರೆಯಹೊರಟಾಗ, ಇಷ್ಟು ಬೇಗ ಬೇಡವೆಂದು ಅನೇಕ ನಿವಾಸಿಗಳು ಮೊರೆಯಿಟ್ಟರು. ಅತಿಥಿಗಳು ಬಾರದೆ ಒಲೆ ಹೊತ್ತಿಸುವುದು ಹೇಗೆಂದು ಕೇಳಿದವರೂ ಅದೇ ಊರಿನವರು. ಇಬ್ಬರ ಮಾತಿನಲ್ಲೂ ನೋವಿತ್ತು. ಬಾಗಿಲನ್ನು ಎಂದು ತೆರೆಯಬೇಕೆಂದು ಮನೆಯವರನ್ನು ಕೇಳಬೇಕೆಂಬ ಮಾತು ಮಾತ್ರ, ವರ್ತಕರು ಸಮಿತಿ ಕಟ್ಟಿದ ನೂರಿಪ್ಪತ್ತು ವರ್ಷಗಳ ಮೇಲೆ, ಅಲ್ಲಿ ಗಟ್ಟಿಯಾಗಿ ಕೇಳಿಬಂತು.