ಸಾಕ್ಷಿಗುಡ್ಡೆಯಿಂದ ಬಟವಾಡೆ ಪುಸ್ತಕದವರೆಗೆ: ತುಮಕೂರು ಸೀಮೆಯ ಕಟ್ಟಡ ಕಸುಬಿನ ಲೆಕ್ಕ

ಕಟ್ಟಡದ ಕೆಲಸ ಮುಂದುವರಿದಂತೆಲ್ಲ ಮೊದಲು ಮಾಡಿದ ಕೆಲಸ ಕಣ್ಣಿಗೆ ಮರೆಯಾಗುತ್ತದೆ. ಪಾಯದ ಕಲ್ಲು ಮಣ್ಣಿನಡಿ ಸೇರುತ್ತದೆ, ಕಬ್ಬಿಣ ಕಾಂಕ್ರೀಟಿನೊಳಗೆ ಹುದುಗುತ್ತದೆ, ಇಟ್ಟಿಗೆಯ ಗೋಡೆಯನ್ನು ಗಾರೆ ಮುಚ್ಚುತ್ತದೆ. ಕೆಲಸ ಮಾಡಿಸಿದವರು ಹಣ ಕೊಡುವ ಹೊತ್ತಿಗೆ ಅರ್ಧ ಕೆಲಸ ಕಾಣದಂತಾಗಿರುವುದರಿಂದ, ಈ ಕಸುಬಿನಲ್ಲಿ ಲೆಕ್ಕವೆಂಬುದು ಮರೆಯಾದ ಕೆಲಸಕ್ಕೂ ಅದನ್ನು ಮಾಡಿದ ಕೈಗಳಿಗೂ ಸಾಕ್ಷಿಯಾಗಿ ಬೆಳೆದುಬಂದಿತು. ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಈ ಸಾಕ್ಷಿಯ ರೂಪ ಕಾಲಕಾಲಕ್ಕೆ ಬದಲಾಗಿದ್ದರೂ ಅದರ ಅಗತ್ಯ ಬದಲಾಗಿಲ್ಲ.

ಮಳೆಯನ್ನೇ ನೆಚ್ಚಿದ ಈ ಬಯಲುಸೀಮೆಯಲ್ಲಿ ಹಿಂದಿನ ದೊಡ್ಡ ನಿರ್ಮಾಣವೆಂದರೆ ಕೆರೆ. ತೋಡಿದ ಮಣ್ಣಿನ ಗಾತ್ರಕ್ಕೆ ತಕ್ಕಂತೆ ಕೂಲಿ ಕೊಡುವಲ್ಲಿ, ಅಗೆದ ಜಾಗದ ನಡುನಡುವೆ ಮೂಲ ನೆಲದ ಮಟ್ಟವನ್ನು ತೋರಿಸುವ ಮಣ್ಣಿನ ದಿಣ್ಣೆಗಳನ್ನು ಹಾಗೆಯೇ ಉಳಿಸಿ, ಅವುಗಳ ಎತ್ತರದಿಂದ ಆಳವನ್ನು ಅಳೆಯುವ ರೂಢಿಯಿತ್ತು. ಈ ದಿಣ್ಣೆಗೆ ಸಾಕ್ಷಿಗುಡ್ಡೆ ಎಂದು ಹೆಸರು. ಅಳತೆ ಮುಗಿಯುವ ಮೊದಲು ಗುಡ್ಡೆ ತೆಗೆದರೆ ಲೆಕ್ಕವೇ ಅಳಿಸಿಹೋದಂತಾಗುತ್ತಿತ್ತು. ಗುದ್ದಲಿ ಹಿಡಿದ, ಅಕ್ಷರ ಕಲಿಯದ ಕೆಲಸಗಾರನೂ ಆ ಲೆಕ್ಕವನ್ನು ತಾನೇ ನೋಡಿ ಅರಿಯಬಹುದಾಗಿತ್ತು ಎಂಬುದು ಅದರ ದೊಡ್ಡ ಗುಣ. ಮಾಡಿದ ಕೆಲಸಕ್ಕೆ ಪುರಾವೆ ಎಂಬ ಅರ್ಥದಲ್ಲಿ ಈ ಪದ ಇಂದಿಗೂ ರಾಜಕಾರಣದ ಭಾಷಣಗಳಲ್ಲಿ ಉಳಿದುಕೊಂಡಿದೆ.

ಅಕ್ಷರದ ಲೆಕ್ಕ ಶಾನುಭೋಗರ ಮತ್ತು ವರ್ತಕರ ಕೈಯಲ್ಲಿತ್ತು. ಅವರು ಬಳಸುತ್ತಿದ್ದ ಕಡತವನ್ನು ಬ್ರಿಟಿಷ್ ಅಧಿಕಾರಿ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಲಾರಂಭಿಸಿದ ತನ್ನ ದಕ್ಷಿಣ ಭಾರತದ ಇತಿಹಾಸದಲ್ಲಿ ವಿವರಿಸಿದ್ದಾನೆ. ಎಂಟು ಅಂಗುಲದಿಂದ ಒಂದು ಅಡಿ ಅಗಲ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಹತ್ತಿಬಟ್ಟೆಯ ಎರಡೂ ಮಗ್ಗುಲಿಗೆ ಅಂಟು ಮತ್ತು ಇದ್ದಿಲ ಪುಡಿಯನ್ನು ಬಳಿದು ಒಣಗಿಸಿ, ಕತ್ತರಿಸದೆ ಹಾಳೆಹಾಳೆಯಾಗಿ ಮಡಿಸಿ, ಎರಡು ತುದಿಗೂ ಮರದ ಹಲಗೆ ಜೋಡಿಸಿದರೆ ಕಡತ ಸಿದ್ಧವಾಗುತ್ತಿತ್ತು. ಕಪ್ಪು ಬಟ್ಟೆಯ ಮೇಲೆ ಬಳಪದಿಂದ ಬರೆದದ್ದನ್ನು ಸ್ಲೇಟಿನ ಮೇಲಿನಂತೆ ಒರೆಸಿ ಮತ್ತೆ ಬರೆಯಬಹುದಾಗಿತ್ತು. ಕಚೇರಿಯ ಫೈಲಿಗೆ ಇಂದು ಕಡತವೆನ್ನುವುದು ಇದೇ ಪದದ ಮುಂದುವರಿಕೆ. 1800ರಲ್ಲಿ ಪ್ರವಾಸಿ ಫ್ರಾನ್ಸಿಸ್ ಬುಕಾನನ್ ಕಂಡ ಗುಬ್ಬಿಯಂತಹ ವ್ಯಾಪಾರದ ಊರುಗಳ ವಹಿವಾಟು ಬೆಳೆದದ್ದು ಇಂತಹ ಬರವಣಿಗೆಯ ಕಾಲದಲ್ಲಿ. ಆ ಲೆಕ್ಕದ ಜಮಾ, ಖರ್ಚು, ಬಾಕಿ ಎಂಬ ಪದಗಳು ಅರಬ್ಬಿ ಮತ್ತು ಪಾರಸಿ ಮೂಲದವು. ಉಳಿದ ಮೊತ್ತ ಎಂಬ ಅರ್ಥದ ಶಿಲ್ಕು ಮರಾಠಿಯಿಂದ ಬಂದುದು. 1687ರಲ್ಲಿ ಮೊಗಲರ ಸುಬಾದ, ಅಂದರೆ ಪ್ರಾಂತ್ಯದ, ರಾಜಧಾನಿಯಾದ ಶಿರಾ ತುಮಕೂರು ಜಿಲ್ಲೆಯಲ್ಲೇ ಇರುವುದನ್ನು ನೆನೆದರೆ, ಈ ಪದಗಳು ಇಲ್ಲಿನ ಲೆಕ್ಕದಲ್ಲಿ ಬೇರೂರಿದ್ದು ಸಹಜವೆನಿಸುತ್ತದೆ.

1856ರಲ್ಲಿ ಮೈಸೂರು ಸಂಸ್ಥಾನದಲ್ಲಿ ಲೋಕೋಪಯೋಗಿ ಇಲಾಖೆ ಸ್ಥಾಪನೆಯಾದ ಮೇಲೆ ಸರ್ಕಾರಿ ಕಾಮಗಾರಿಯ ಲೆಕ್ಕ ಇಲಾಖೆಯ ನಿಯಮಗಳಿಗೆ ಒಳಪಟ್ಟಿತು. ಈ ಪದ್ಧತಿಯ ಹೃದಯ ಅಳತೆ ಪುಸ್ತಕ; ಗುತ್ತಿಗೆದಾರರು ಅದನ್ನು ಎಂ.ಬಿ. ಎನ್ನುತ್ತಾರೆ. ಸಂಖ್ಯೆ, ಉದ್ದ, ಅಗಲ, ಆಳ ಅಥವಾ ಎತ್ತರ ಇವನ್ನು ಗುಣಿಸಿ ಬಂದ ಪರಿಮಾಣಕ್ಕೆ ದರಪಟ್ಟಿಯ ದರ ಹಾಕಿದಾಗ ಬಿಲ್ಲು ಹುಟ್ಟುತ್ತದೆ. ಪುಟಗಳಿಗೆ ಮೊದಲೇ ಸಂಖ್ಯೆ ಮುದ್ರಿತವಾಗಿರುತ್ತದೆ; ಹಾಳೆ ಕೀಳುವಂತಿಲ್ಲ, ಅಂಕಿ ಅಳಿಸುವಂತಿಲ್ಲ, ತಪ್ಪಿದ್ದರೆ ಗೆರೆ ಎಳೆದು ಸರಿಪಡಿಸಿ ಸಹಿ ಹಾಕಬೇಕು. ಒರೆಸಿ ಬರೆಯಬಹುದಾದ ಕಡತದಿಂದ ಅಳಿಸಲಾಗದ ಪುಸ್ತಕಕ್ಕೆ ಬಂದ ಈ ಬದಲಾವಣೆ ಲೆಕ್ಕದ ಇತಿಹಾಸದಲ್ಲಿ ಒಂದು ಮುಖ್ಯ ಘಟ್ಟ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಕಟ್ಟಿದ ಮಾರ್ಕೋನಹಳ್ಳಿ ಅಣೆಕಟ್ಟೆಯು ಅಳತೆಯ ಶಿಸ್ತಿನಲ್ಲಿ ಪಳಗಿದ ಎಂಜಿನಿಯರಿಂಗ್ ಪರಂಪರೆಯ ಫಲವಾಗಿದೆ.

ಸರ್ಕಾರದ ಎಂ.ಬಿ. ಗುತ್ತಿಗೆದಾರನಿಗೆ ಬರಬೇಕಾದ ಹಣವನ್ನು ಹೇಳುತ್ತದೆಯೇ ಹೊರತು ಅವನಿಂದ ಹೋಗಬೇಕಾದ ಹಣವನ್ನಲ್ಲ. ಅದಕ್ಕಾಗಿ ಸಣ್ಣ ಗುತ್ತಿಗೆದಾರನಿಗೆ ತನ್ನದೇ ಪುಸ್ತಕಗಳು ಬೇಕಾದವು: ದಿನದ ಜಮಾ ಖರ್ಚು ಬರೆಯುವ ಕಿರ್ದಿ, ಸಿಮೆಂಟು, ಕಬ್ಬಿಣ, ಜಲ್ಲಿ ಕೊಟ್ಟ ಅಂಗಡಿಯವರ ಬಾಕಿಯನ್ನು ಹೆಸರುವಾರು ತೋರಿಸುವ ಖಾತೆ ಪುಸ್ತಕ, ಮತ್ತು ವಾರದ ಕೂಲಿಯ ಬಟವಾಡೆ ಪುಸ್ತಕ. ಬಟವಾಡೆ ಎಂದರೆ ಕೂಲಿ ಹಂಚುವುದು. ಈ ಪುಸ್ತಕದ ಪುಟದಲ್ಲಿ ಎಡಕ್ಕೆ ಮೇಸ್ತ್ರಿ, ಗಾರೆಯವರು, ಕೈಯಾಳುಗಳ ಹೆಸರು, ಮುಂದೆ ದಿನಕ್ಕೊಂದರಂತೆ ಚೌಕಗಳು, ಕೊನೆಗೆ ಮುಂಗಡ ಕಳೆದು ಉಳಿದ ಮೊತ್ತ ಇರುತ್ತದೆ. ಉದಾಹರಣೆಗೆ, ದಿನಕ್ಕೆ 800 ರೂಪಾಯಿಯಂತೆ ಐದೂವರೆ ದಿನ ದುಡಿದವರಿಗೆ 4,400 ರೂಪಾಯಿ ಸಲ್ಲಬೇಕು. ವಾರದ ನಡುವೆ 1,500 ಪಡೆದಿದ್ದರೆ ಕೈಗೆ ಬರುವುದು 2,900. ಆ ಅರ್ಧ ದಿನ ಬರೆಯುವುದು ಮರೆತರೆ 400 ರೂಪಾಯಿ ಬಡವರ ಮನೆಯಿಂದ ಹೋಗುತ್ತದೆ.

1957ರ ಏಪ್ರಿಲ್ 1ರಂದು ಆಣೆ, ಪೈಗಳ ಲೆಕ್ಕ ಹೋಗಿ ದಶಮಾನದ ಪೈಸೆ ಬಂದಿತು. ಸರ್ಕಾರಿ ಅಳತೆ ಮೀಟರಿಗೆ ಬದಲಾಯಿತು. ಆದರೂ ಖಾಸಗಿ ಮನೆಕಟ್ಟುವ ಒಪ್ಪಂದ ಇಂದಿಗೂ ಚದರದಲ್ಲಿ, ಅಂದರೆ ನೂರು ಚದರಡಿಯ ಮಾನದಲ್ಲಿ, ನಡೆಯುತ್ತದೆ. ಹೀಗಾಗಿ ಸಣ್ಣ ಗುತ್ತಿಗೆದಾರನ ಲೆಕ್ಕ ಎರಡು ಭಾಷೆಗಳಲ್ಲಿ ಸಾಗಬೇಕಾಗಿದೆ. ಸರ್ಕಾರಿ ಬಿಲ್ಲಿನಲ್ಲಿ ಭದ್ರತಾ ಠೇವಣಿ, ಆದಾಯ ತೆರಿಗೆ, ಶೇ. 1ರ ಕಾರ್ಮಿಕ ಕಲ್ಯಾಣ ಸುಂಕ ಮೊದಲಾದವು ಮುರಿದುಕೊಳ್ಳಲ್ಪಡುವುದರಿಂದ, ಬಿಲ್ಲಿನ ಮೊತ್ತ, ಕೈಸೇರಿದ ಮೊತ್ತ, ಇನ್ನೂ ಬರಬೇಕಾದ ಠೇವಣಿ ಮೂರನ್ನೂ ಬೇರೆಬೇರೆಯಾಗಿ ಬರೆಯದವನಿಗೆ ಲಾಭವೆಷ್ಟೆಂಬುದು ತಿಳಿಯುವುದೇ ಇಲ್ಲ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾದ ಮೇಲೆ, ಕೊಂಡ ಸಾಮಗ್ರಿಯ ಬಿಲ್ಲು ಇಟ್ಟುಕೊಳ್ಳುವುದು ಇನ್ನಷ್ಟು ಅನಿವಾರ್ಯವಾಯಿತು. 2016ರಲ್ಲಿ ತುಮಕೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ್ದು, ಅದೇ ವರ್ಷ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಹೆಲಿಕಾಪ್ಟರ್ ಕಾರ್ಖಾನೆಗೆ ಶಂಕುಸ್ಥಾಪನೆಯಾದದ್ದು ಈ ಸೀಮೆಯ ನಿರ್ಮಾಣ ಯುಗದ ಹೊಸ ಗುರುತುಗಳು.

ಈ ಎಲ್ಲ ಪುಸ್ತಕಗಳಲ್ಲಿ ಬಟವಾಡೆ ಪುಸ್ತಕಕ್ಕೇ ಹೆಚ್ಚಿನ ಗೌರವ ಸಲ್ಲಬೇಕು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಫಲಾನುಭವಿಯಾಗಿ ನೋಂದಣಿಯಾಗಲು ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದಿರಬೇಕು. ತಲೆಯ ಮೇಲೆ ಗಾರೆ ಬಾಂಡ್ಲಿ ಹೊತ್ತ ಹೆಣ್ಣುಮಗಳ ಆ 90 ದಿನಗಳು ಆಕೆ ಕಟ್ಟಿದ ಗೋಡೆಯಲ್ಲಿ ಕಾಣುವುದಿಲ್ಲ; ಅವು ಉಳಿಯುವುದು ಪುಸ್ತಕದ ತೊಂಬತ್ತು ಚೌಕಗಳಲ್ಲಿ. ಕೆರೆಯಂಗಳದ ಸಾಕ್ಷಿಗುಡ್ಡೆಯನ್ನು ಅಳತೆಗೆ ಮೊದಲು ಯಾರೂ ಮುಟ್ಟುತ್ತಿರಲಿಲ್ಲ. ಆ ಚೌಕಗಳಿಗೂ ಅದೇ ನಿಯಮ ಸಲ್ಲುತ್ತದೆ.