ಸಾಲೋಟಗಿಯ ಕಂಬ ಕಲಿಸುವ ಪಾಠ

ಕಲೆಯ ಇತಿಹಾಸವೆಂದರೆ ದೂರದ ಅಜಂತಾ, ಎಲ್ಲೋರಾ ಎಂದೇ ಅನೇಕ ವಿದ್ಯಾರ್ಥಿಗಳ ಎಣಿಕೆ. ಕೇಂದ್ರೀಯ ಮಂಡಳಿಯ ಹನ್ನೊಂದು, ಹನ್ನೆರಡನೆಯ ತರಗತಿಗಳಲ್ಲಿ ಚಿತ್ರಕಲೆಯ ಜತೆಗೆ ಅದೂ ಒಂದು ಪಾಠ. ಇಂಡಿ ತಾಲ್ಲೂಕಿನ ಮಕ್ಕಳಿಗಾದರೋ ಆ ಪಾಠ ತಮ್ಮ ನೆಲದ ಕಲ್ಲಿನಿಂದಲೇ ಶುರುವಾಗಬಹುದು.

ಸಾಲೋಟಗಿಯ ಶಾಸನಕಂಬ ಕ್ರಿ.ಶ. 945ರದು. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಇಲ್ಲಿ ಶಾಲೆ ಕಟ್ಟಿಸಿದ ಸಂಗತಿ ಅದರಲ್ಲಿದೆ. ನಾನಾ ನಾಡುಗಳಿಂದ ಬಂದವರಿಗೆ 27 ವಸತಿಗಳು. ದೀಪದ ಖರ್ಚಿಗೇ 12 ನಿವರ್ತನ ಭೂಮಿ. ಮದುವೆ, ಮುಂಜಿ, ಚೌಲ ನಡೆದಾಗ ಊರಿನ ಬ್ರಾಹ್ಮಣರು ಶಾಲೆಗೆ ಕಾಣಿಕೆ ಸಲ್ಲಿಸಬೇಕಿತ್ತು.

ಆ ಅಗ್ರಹಾರದ ವಿದ್ಯೆ ಅಂದು ಎಲ್ಲರಿಗೂ ದಕ್ಕುತ್ತಿರಲಿಲ್ಲ. ಅದರ ಕಥೆ ಹೇಳುವ ಕಲ್ಲನ್ನು ಇಂದು ಯಾರ ಮನೆಯ ಮಗುವೂ ಓದಬಹುದು. ಓದಲು ಕಲಿಸುವವರು ಬೇಕು, ಅಷ್ಟೆ.